ಬೀಜಕ್ಕೆ ತಕ್ಕ ನೆಲ

ನೆಲವನ್ನು ನೋಡಿ ಬೀಜವನ್ನು ಬಿತ್ತಬೇಕೆಂಬುದು ಒಕ್ಕಲುತನದ ಮೊದಲನೆಯ ಪಾಠ. ಸೇಡಂ ಸೀಮೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತನ್ನ ಹೊಲ ಎರೆಯೋ ಮಸಾರಿಯೋ, ಮಣ್ಣು ಎಷ್ಟು ಆಳವಾಗಿದೆ, ಹೋದ ವರ್ಷ ಅಲ್ಲಿ ತೊಗರಿಗೆ ನೆಟೆ ರೋಗ ತಗುಲಿತ್ತೋ ಇಲ್ಲವೋ ಎಂಬುದನ್ನು ವಿಚಾರಿಸಿಯೇ ಅವನು ಬೀಜದ ಚೀಲಕ್ಕೆ ಕೈಹಾಕುತ್ತಾನೆ. ನೆರೆಯವನು ಬಿತ್ತಿದನೆಂದು ತಾನೂ ಬಿತ್ತುವವನನ್ನು ಕಂಡು ಊರು ನಗುತ್ತದೆ. ಆದರೆ ಇಷ್ಟು ವಿವೇಕವುಳ್ಳ ಗೃಹಸ್ಥನೇ ಮಗನ ವಿದ್ಯೆಯ ಮಾತು ಬಂದೊಡನೆ ನೆಲವನ್ನೂ ನೋಡುವುದಿಲ್ಲ, ಬೀಜವನ್ನೂ ನೋಡುವುದಿಲ್ಲ. ಸಂತೆಯಲ್ಲಿ ಯಾವ ಹೆಸರು ದೊಡ್ಡದಾಗಿ ಕೇಳಿಬರುತ್ತಿದೆಯೆಂಬುದನ್ನು ಮಾತ್ರ ನೋಡುತ್ತಾನೆ. ಈ ಮರೆವು ಎಲ್ಲಿಂದ ಬಂದಿತು, ಶರಣರ ಬೆಳಕಿನಲ್ಲಿ ಅದಕ್ಕೆ ಪರಿಹಾರವೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಒಂದು ಬೇಸಿಗೆಯ ಕೊನೆಯಲ್ಲಿ ಕುರಕುಂಟಾ ಗ್ರಾಮದ ಗೃಹಸ್ಥರೊಬ್ಬರು ಧರ್ಮಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು. ಅವರ ಕೈಚೀಲದಲ್ಲಿ ಹೊಲದ ಪಹಣಿ ಇತ್ತು. ಪ್ರಸಾದವಾದ ಮೇಲೆ ಅದನ್ನು ಮುಂದಿಟ್ಟು, "ಅಪ್ಪಾ, ಮೂರು ಎಕರೆ ಎರೆಯನ್ನು ಒತ್ತೆ ಇಡಬೇಕೆಂದಿದ್ದೇನೆ. ತಮ್ಮ ಆಶೀರ್ವಾದ ಬೇಕು" ಎಂದರು.

"ಏತಕ್ಕೆ ಶರಣರೇ? ಮನೆಯಲ್ಲಿ ಮದುವೆಯೋ?"

"ಮದುವೆಯಲ್ಲ ಅಪ್ಪಾ, ಮಗನ ಕಾಲೇಜು."

ಮಗನು ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿದ್ದನು. ಸಿ.ಇ.ಟಿ.ಯಲ್ಲಿ ಬಂದ ಶ್ರೇಣಿಗೆ ಕಲಬುರಗಿಯ ಕೃಷಿ ಮಹಾವಿದ್ಯಾಲಯದಲ್ಲಿ ಪ್ರವೇಶ ದೊರೆಯುವಂತಿತ್ತು. ತಂದೆಗೆ ಅದು ಹಿಡಿಸಿರಲಿಲ್ಲ. ಬೆಂಗಳೂರಿನ ಹೆಸರಾಂತ ಕಾಲೇಜೊಂದರಲ್ಲಿ ಆಡಳಿತ ಮಂಡಳಿಯ ಸೀಟನ್ನು ಹಣಕೊಟ್ಟು ಪಡೆದು ಕಂಪ್ಯೂಟರ್ ಇಂಜಿನಿಯರಿಂಗ್ ಓದಿಸಬೇಕೆಂಬುದು ಅವರ ಸಂಕಲ್ಪ. "ಊರಿನಲ್ಲಿ ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳಿದ ಕೂಡಲೆ ಎದುರಿನವನು ತಲೆದೂಗಬೇಕು ಅಪ್ಪಾ. ಒಕ್ಕಲುತನ ಮಾಡಲಿಕ್ಕೆ ಕಾಲೇಜು ಏಕೆ? ಅದನ್ನು ನಾನೇ ಕಲಿಸುತ್ತೇನೆ" ಎಂದರು.

ಹುಡುಗನು ನೆಲ ನೋಡುತ್ತ ಕುಳಿತಿದ್ದನು. "ತಮ್ಮಾ, ಶಾಲೆಯ ಪುಸ್ತಕವಲ್ಲದೆ ನೀನಾಗಿ ಯಾವುದನ್ನಾದರೂ ತಿಳಿಯಬೇಕೆಂದು ಬೆನ್ನು ಹತ್ತಿದ್ದುಂಟೋ?" ಎಂದು ಕೇಳಿದೆವು. ಬಹಳ ಹೊತ್ತಿನ ಮೇಲೆ ಅವನು ಹೇಳಿದನು: ಅವರ ಹೊಲದಲ್ಲಿ ಹೂವು ಕಾಯಿ ಕಟ್ಟುವ ಕಾಲಕ್ಕೆ ತೊಗರಿ ಗಿಡಗಳು ಅಲ್ಲಲ್ಲಿ ಒಣಗಿ ನಿಂತಿದ್ದವಂತೆ. ಒಂದನ್ನು ಕಿತ್ತು ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕರಿಯ ಗೆರೆ ಕಂಡಿತಂತೆ. ಒಂದೇ ಸಾಲಿನಲ್ಲಿ ಒಂದು ಗಿಡ ಒಣಗಿ ಅದರ ಮಗ್ಗುಲಿನದು ಹಸಿರಾಗಿ ಉಳಿಯುವುದೇಕೆಂದು ಅವನು ಎರಡು ಹಂಗಾಮು ಲೆಕ್ಕ ಬರೆದಿಟ್ಟಿದ್ದನು. ಇದನ್ನು ಹೇಳುವಾಗ ಅವನು ತಲೆ ಎತ್ತಿದ್ದನು. ತಂದೆಯು ಮಗನ ಮುಖವನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ಮನೆಯ ಪುಸ್ತಕವೊಂದರಲ್ಲಿ ಆ ಲೆಕ್ಕವಿದ್ದ ಸಂಗತಿ ಅವರಿಗೆ ತಿಳಿದಿರಲಿಲ್ಲ.

ಅಲ್ಲಿಯವರೆಗೂ ಮಾತನಾಡದೆ ಇದ್ದ ತಾಯಿಯು ಆಗ ಒಂದೇ ಮಾತು ಕೇಳಿದರು: "ಆ ದೊಡ್ಡ ಕಾಲೇಜು ಇವನಿಗೆ ಬೇಕಾಗಿದೆಯೋ, ನಮಗೆ ಬೇಕಾಗಿದೆಯೋ?"

ಶರಣ ಬಂಧುಗಳೇ, ಈ ಪ್ರಶ್ನೆಯನ್ನು ಕೇಳಿದಾಗ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಲಕ್ಕಮ್ಮನ ಪತಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರೆಂದು ಕಥೆಯಿದೆ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಸಂತೋಷಪಡಲಿಲ್ಲ. ಇದು ಅವಶ್ಯಕತೆಯೋ ಆಸೆಯೋ ಎಂದು ಪತಿಯನ್ನು ವಿಚಾರಿಸಿ, ಹೆಚ್ಚಿನದನ್ನು ಇದ್ದಲ್ಲಿಗೇ ಮರಳಿ ಚೆಲ್ಲಿಬರುವಂತೆ ಮಾಡಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ. ಅದೂ ಒಳ್ಳೆಯ ಅಕ್ಕಿಯೇ. ತನಗೆ ಸಲ್ಲದುದು ಒಳ್ಳೆಯದಾದರೂ ತನ್ನದಲ್ಲವೆಂಬುದೇ ಅವಳ ಅರಿವು. ದೊಡ್ಡ ಹೆಸರಿನ ಕಾಲೇಜು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದು ಈ ಮಗುವಿಗೆ ಸಲ್ಲುವುದೋ ಎಂಬುದೇ ಪ್ರಶ್ನೆ.

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಎಲ್ಲರೂ ಬಲ್ಲಿರಿ. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ಮೇದಾರ ಕೇತಯ್ಯನವರು ಬಿದಿರು ಹೆಣೆದರು, ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದರು, ವೈದ್ಯ ಸಂಗಣ್ಣನವರು ರೋಗಿಗಳನ್ನು ಉಪಚರಿಸಿದರು. ಇವರಲ್ಲಿ ಒಬ್ಬರಾದರೂ ತಮ್ಮ ಕಾಯಕವನ್ನು ಬಿಟ್ಟು ಹೆಚ್ಚಿನ ಹೆಸರಿರುವ ಕಾಯಕಕ್ಕೆ ಹಾತೊರೆದುದುಂಟೇ? ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಅರಸನ ಹೆಸರಿಗಿಂತ ಹೊರೆಯ ಭಾರ ಅವರಿಗೆ ಒಪ್ಪಿತು. ಅನುಭವ ಮಂಟಪಕ್ಕೆ ಕೀರ್ತಿ ಬಂದದ್ದು ಮಂಟಪದ ಕಂಬಗಳಿಂದಲ್ಲ, ಅಲ್ಲಿ ಕುಳಿತವರ ಅನುಭಾವದಿಂದ. ಕಾಲೇಜಿನ ಹೆಬ್ಬಾಗಿಲು ವಿದ್ಯಾರ್ಥಿಯನ್ನು ದೊಡ್ಡವನನ್ನಾಗಿ ಮಾಡುವುದಿಲ್ಲ. ವಿದ್ಯಾರ್ಥಿಯ ಸಾಧನೆಯು ಹೆಬ್ಬಾಗಿಲಿಗೆ ಹೆಸರನ್ನು ತರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಒಕ್ಕಲಿಗನ ಮಗನು ಒಕ್ಕಲುತನವನ್ನೇ ಕಲಿಯಲಿ, ವ್ಯಾಪಾರಿಯ ಮಗನು ಅಂಗಡಿಯಲ್ಲಿಯೇ ಕುಳಿತುಕೊಳ್ಳಲಿ ಎಂಬುದು ಶರಣರ ಬೋಧೆಯಲ್ಲ. ಜನ್ಮದಿಂದ ಬಂದ ಕಟ್ಟನ್ನು ಮುರಿದವರೇ ಅವರು. ಬಸವಣ್ಣನವರು ಬಾಗೇವಾಡಿಯ ಅಗ್ರಹಾರದಲ್ಲಿ ಹುಟ್ಟಿದರು. ಆ ಕಾಲದ ಗೌರವವೆಲ್ಲವೂ ಆ ಮನೆಯಲ್ಲಿಯೇ ಇತ್ತು. ಆದರೆ ಉಪನಯನದ ಕಟ್ಟನ್ನು ಒಲ್ಲದೆ, ಅವರು ಎಳೆಯ ವಯಸ್ಸಿನಲ್ಲಿಯೇ ಕೂಡಲಸಂಗಮಕ್ಕೆ ನಡೆದರು. ಕೃಷ್ಣಾ ಮಲಪ್ರಭಾ ನದಿಗಳ ಸಂಗಮದಲ್ಲಿ ಗುರುಸನ್ನಿಧಿಯನ್ನು ಅರಸಿಕೊಂಡರು. ತನ್ನ ಅರಿವಿಗೆ ತಕ್ಕ ವಿದ್ಯಾಸ್ಥಾನವನ್ನು ತಾನೇ ಆರಿಸಿಕೊಂಡ ಬಾಲಕನ ಕಥೆಯೇ ನಮ್ಮ ಧರ್ಮದ ಮೊದಲನೆಯ ಅಧ್ಯಾಯವಾಗಿರುವಾಗ, ಮಕ್ಕಳ ಒಳಮನಸ್ಸನ್ನು ಕೇಳದೆ ಕಾಲೇಜನ್ನು ಗೊತ್ತುಮಾಡುವುದು ನಮಗೆ ಒಪ್ಪುವ ಮಾತೇ?

ಹೆಸರಿನ ಸ್ವಭಾವವೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕುರಕುಂಟಾ ಸ್ಟೇಷನ್ನಿನಲ್ಲಿ ವಾಡಿಯ ಕಡೆಗೆ ಹೋಗುವ ಗಾಡಿಯನ್ನು ಹತ್ತಿದರೆ ಸೇಡಂ ದಾಟಿದ ಮೇಲೆ ಮಳಖೇಡ ಬರುತ್ತದೆ. ಕಾಗಿಣಾ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನು ಆಳಿದ ಆ ನಗರಿಯ ಹೆಸರು ಅರಬರ ದೇಶದವರೆಗೂ ಕೇಳಿಬರುತ್ತಿತ್ತು. ಇಂದು ಅಲ್ಲಿ ಉಳಿದಿರುವುದು ಕೋಟೆಯ ಮುರುಕು ಗೋಡೆಗಳು. ಆದರೆ ಆ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಇಂದಿಗೂ ಕನ್ನಡಿಗರ ಕೈಯಲ್ಲಿದೆ. ಸ್ಥಾನದ ಹಿರಿಮೆ ಅಳಿಯಿತು, ಮಾಡಿದ ಕೆಲಸ ಉಳಿಯಿತು.

ಅಷ್ಟು ಹಿಂದಿನ ಮಾತೇಕೆ? ಕುರಕುಂಟಾದವರ ಕಣ್ಣಮುಂದೆಯೇ ಇನ್ನೊಂದು ಪಾಠವಿದೆ. 1970ರ ದಶಕದಲ್ಲಿ ಕೇಂದ್ರ ಸರಕಾರದ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ ಅಲ್ಲಿ ಕೆಲಸ ಮಾಡತೊಡಗಿದಾಗ ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕಿಂತ ದೊಡ್ಡ ಹೆಸರು ಇರಲಿಲ್ಲ. ಅಲ್ಲಿ ನೌಕರಿಯಿರುವ ವರನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. 1998ರಲ್ಲಿ ಕಾರ್ಖಾನೆ ನಿಂತಿತು. ಹೆಸರನ್ನು ನಂಬಿದ್ದವರ ಕೈ ಬರಿದಾಯಿತು. ಕೈಯಲ್ಲಿ ಕಸಬು ಕಲಿತಿದ್ದವರು, ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲವರು, ವಿದ್ಯುತ್ತಿನ ಕೆಲಸ ಬಲ್ಲವರು ಎಲ್ಲಿ ಹೋದರೂ ಅನ್ನವನ್ನು ದುಡಿದು ತಿಂದಾರು. ಸಂಸ್ಥೆಯ ಹೆಸರು ಸಂಸ್ಥೆಯೊಡನೆ ಹೋಗುತ್ತದೆ. ಕಲಿತ ವಿದ್ಯೆ ಕಲಿತವನೊಡನೆ ಇರುತ್ತದೆ.

ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಉನ್ನತ ವಿದ್ಯೆ ಬೇಕಾದವನು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಭಾಷೆಯಲ್ಲಿ ಓದಬೇಕಾಗಿತ್ತು. ಅಂಥ ಕಾಲದಲ್ಲಿ, 1934ರಲ್ಲಿ, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಮಹಾದೇವಿಯಕ್ಕನ ಹೆಸರಿನಲ್ಲಿ ಶಾಲೆಯನ್ನು ತೆರೆದರು. 1956ರಲ್ಲಿ ನಾಡು ಒಂದಾಯಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತನದಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, ದೊಡ್ಡಪ್ಪ ಅಪ್ಪನವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಕಲಬುರಗಿಯಲ್ಲಿ ಆರಂಭವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. 2008ರಲ್ಲಿ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕಲಬುರಗಿಯ ಕೃಷಿ ಮಹಾವಿದ್ಯಾಲಯ ಅದರ ಅಧೀನದಲ್ಲಿದೆ. 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ದೊರೆಯಿತು. ಇವು ತಾವಾಗಿ ಮುಗಿಲಿನಿಂದ ಉದುರಲಿಲ್ಲ. ಜೋಳದ ಚೀಲವನ್ನೂ ಬೆವರಿನ ದುಡ್ಡನ್ನೂ ಕಾಣಿಕೆಯಾಗಿ ಕೊಟ್ಟ ಭಕ್ತರ ದಾಸೋಹ ನಮ್ಮ ವಿದ್ಯಾಸಂಸ್ಥೆಗಳ ತಳಹದಿಯಲ್ಲಿದೆ. ಅಂಥವುಗಳನ್ನು "ಹತ್ತಿರದ್ದು, ಆದುದರಿಂದ ಸಣ್ಣದು" ಎಂದು ಮೂಗು ಮುರಿಯುವುದು ಹಿರಿಯರ ದಾಸೋಹಕ್ಕೆ ಮಾಡುವ ಅಗೌರವವಾಗುತ್ತದೆ.

ಹಾಗಾದರೆ ದೂರದ ಕಾಲೇಜೆಲ್ಲ ತ್ಯಾಜ್ಯವೇ? ಖಂಡಿತವಾಗಿಯೂ ಅಲ್ಲ. ಹೆಸರುವಾಸಿಯಾದ ಕೆಲವು ಸಂಸ್ಥೆಗಳಲ್ಲಿ ನಿಜವಾಗಿಯೂ ಉತ್ತಮ ಗುರುಗಳಿರುತ್ತಾರೆ, ಸುಸಜ್ಜಿತ ಪ್ರಯೋಗಶಾಲೆಗಳಿರುತ್ತವೆ, ಚುರುಕಾದ ಸಹಪಾಠಿಗಳ ಸಂಗವಿರುತ್ತದೆ. ಸಜ್ಜನರ ಸಂಗದ ಬೆಲೆಯನ್ನು ಶರಣರಿಗಿಂತ ಹೆಚ್ಚಾಗಿ ಯಾರು ಬಲ್ಲರು? ಮಗುವಿನ ಒಲವು, ಶಕ್ತಿ, ಸಿದ್ಧತೆ ಇವು ಆ ಸಂಸ್ಥೆಯ ಪಾಠಕ್ಕೆ ಹೊಂದುವುದಾದರೆ ಎಷ್ಟು ದೂರವಾದರೂ ಕಳುಹಿಸಬೇಕು. ವಚನಪಿತಾಮಹ ಫ. ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ಮುಂಬಯಿಗೆ ಹೋಗಿ ಓದಿದರು, ಕಾನೂನಿನ ಪದವಿ ಪಡೆದರು. ಅವರಿಗೆ ಆ ದೂರವು ತಕ್ಕುದಾಗಿತ್ತು. ಆದರೆ ಬಾಳನ್ನು ಸವೆಸಲು ಅವರು ಆರಿಸಿಕೊಂಡುದು ವಿಜಯಪುರವನ್ನು. ಅಲ್ಲಿ ವಕೀಲಿ ಮಾಡುತ್ತ, ಮನೆಮನೆಯ ತಾಡವೋಲೆಗಳನ್ನು ಅರಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು; 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ದೂರ ಹೋದದ್ದೂ ಹೊಂದಿಕೆಯನ್ನು ನೋಡಿಯೇ, ಮರಳಿ ಬಂದದ್ದೂ ಹೊಂದಿಕೆಯನ್ನು ನೋಡಿಯೇ. ಇಂದು ನಾವು ವಚನಗಳನ್ನು ಓದುತ್ತಿರುವುದಕ್ಕೆ ಆ ಎರಡು ಆಯ್ಕೆಗಳೂ ಕಾರಣವಾಗಿವೆ.

ನಮ್ಮ ಭಾಗದ ಮಕ್ಕಳಿಗೆ ಕಾನೂನೂ ಎರಡೂ ದಾರಿಗಳನ್ನು ತೆರೆದಿದೆ. 2012ರ ಕೊನೆಯಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371(ಜೆ) ವಿಧಿಯ ಪ್ರಕಾರ, ಇಂದು ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ಈ ಪ್ರದೇಶದ ಸಂಸ್ಥೆಗಳಲ್ಲಿ ನಿಗದಿಯಾದ ಸೀಟುಗಳ ಪೈಕಿ 70 ಪ್ರತಿಶತ, ರಾಜ್ಯದ ಇತರ ಭಾಗಗಳ ಸಂಸ್ಥೆಗಳಲ್ಲಿ 8 ಪ್ರತಿಶತ ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ಹೀಗಿರುವಾಗ ಅರ್ಹತೆಯಿಂದ ಸಿಗುವುದನ್ನು ಬಿಟ್ಟು ಹೊಲವನ್ನು ಒತ್ತೆಯಿಟ್ಟು ಹೆಸರನ್ನು ಕೊಳ್ಳುವ ಮುನ್ನ ಹತ್ತು ಸಾರಿ ಯೋಚಿಸಬೇಕು. ಒತ್ತೆ ಬಿದ್ದ ಭೂಮಿಯ ಭಾರವು ಬರಿಯ ತಂದೆಯ ಹೆಗಲ ಮೇಲೆ ಬೀಳುವುದಿಲ್ಲ. ತಾನು ಸೋತರೆ ಹೊಲ ಹೋಗುವುದೆಂಬ ಅಂಜಿಕೆಯು ಹುಡುಗನನ್ನು ಪುಸ್ತಕದ ಎದುರಿನಲ್ಲಿಯೂ ಬಿಡುವುದಿಲ್ಲ, ನಿದ್ರೆಯಲ್ಲಿಯೂ ಬಿಡುವುದಿಲ್ಲ. ಕುರಕುಂಟಾದ ಆ ಗೃಹಸ್ಥರೇ ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು: ಅವರ ಅಣ್ಣನ ಮಗನನ್ನು ಹೀಗೆಯೇ ದೊಡ್ಡ ಹೆಸರಿನ ಕಡೆಗೆ ಕಳುಹಿಸಿದ್ದರಂತೆ. ಕನ್ನಡ ಮಾಧ್ಯಮದಲ್ಲಿ ಓದಿದ ಆ ಹುಡುಗನಿಗೆ ಅಲ್ಲಿನ ಪಾಠದ ಓಟ ಹಿಡಿಯಲಿಲ್ಲ. ಕೇಳಲು ಯಾರೂ ಇರಲಿಲ್ಲ. ಎರಡನೆಯ ವರ್ಷ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. "ಇಂದಿಗೂ ನಾಲ್ಕು ಜನರ ನಡುವೆ ಕೂಡುವುದಿಲ್ಲ ಅಪ್ಪಾ" ಎಂದರು. ಆ ಹುಡುಗನಲ್ಲಿ ಬುದ್ಧಿಯ ಕೊರತೆಯಿರಲಿಲ್ಲ. ಎರೆಯ ತೊಗರಿಯನ್ನು ಒಯ್ದು ನೀರು ನಿಲ್ಲುವ ಗದ್ದೆಯಲ್ಲಿ ಊರಿದಂತಾಗಿತ್ತು. ಬೇರು ಕೊಳೆತರೆ ಬೀಜವನ್ನು ಬಯ್ಯುವುದು ನ್ಯಾಯವೇ?

ಆ ದಿನ ಇನ್ನೊಂದು ಮಾತೂ ನಡೆಯಿತು. ಅದನ್ನು ಮುಚ್ಚಿಟ್ಟರೆ ಈ ಪ್ರವಚನ ಅರ್ಧವಾದೀತು. ಮಗನ ವಿಷಯ ಒಂದು ನೆಲೆಗೆ ಬಂದ ಮೇಲೆ ಜೊತೆಯಲ್ಲಿದ್ದ ಮಗಳನ್ನು ನೋಡಿ, "ನೀನು ಮುಂದೆ ಏನು ಓದುವೆ ತಾಯಿ?" ಎಂದು ಕೇಳಿದೆವು. ಅವಳು ಬಾಯಿ ತೆರೆಯುವ ಮೊದಲೇ ತಂದೆಯವರು, "ಅವಳಿಗೆ ಏನು ಅಪ್ಪಾ, ಹತ್ತಿರ ಸೇಡಮ್ಮಿನಲ್ಲಿ ಯಾವುದಾದರೂ ಒಂದು ಆದೀತು. ಈಗ ತಾವೇ ಹೊಂದಿಕೆ ಮುಖ್ಯವೆಂದು ಹೇಳಿದಿರಲ್ಲ" ಎಂದರು.

ನಮ್ಮ ಮಾತು ನಮಗೇ ತಿರುಗಿ ಬಂದಿತ್ತು. ಶರಣ ಬಂಧುಗಳೇ, ಹೊಂದಿಕೆಯೆಂದರೆ ಅಗ್ಗವೆಂದು ಅರ್ಥವಲ್ಲ, ಹತ್ತಿರವೆಂದು ಅರ್ಥವಲ್ಲ, ಇಷ್ಟು ಸಾಕೆಂದು ಅರ್ಥವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಸಾಲಕ್ಕೆ ಹೇಳಿದ್ದೇ ಹೊರತು ಮಗಳ ಅರಿವಿಗೆ ಹೇಳಿದ್ದಲ್ಲ. ಮಗನನ್ನು ಕುರಿತು ಹೆಸರಿನ ಮೋಹವು ತಪ್ಪಾದರೆ, ಮಗಳನ್ನು ಕುರಿತು ಹೆಸರನ್ನೂ ಕೇಳದ ಉದಾಸೀನವು ಅದಕ್ಕಿಂತ ದೊಡ್ಡ ತಪ್ಪು. ಎರಡರಲ್ಲಿಯೂ ಮಗುವಿನ ಮುಖವನ್ನು ನೋಡಲಿಲ್ಲವೆಂಬ ದೋಷ ಒಂದೇ. ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದಳು. ಅವಳ ಅರಿವಿಗೆ ತಕ್ಕ ನೆಲೆ ಅಷ್ಟು ದೂರದಲ್ಲಿತ್ತು. ಹತ್ತಿರದಲ್ಲಿ ಅರಮನೆಯೇ ಇತ್ತು, ಆದರೆ ಅದು ಅವಳ ನೆಲೆಯಾಗಿರಲಿಲ್ಲ.

ಹಾಗಾದರೆ ತಕ್ಕ ನೆಲೆಯನ್ನು ಗುರುತಿಸುವುದು ಹೇಗೆ? ಗೃಹಸ್ಥರು ಆಚರಿಸಬಹುದಾದ ನಾಲ್ಕು ಮಾತುಗಳನ್ನು ಇಲ್ಲಿ ಅರಿಕೆ ಮಾಡುತ್ತೇವೆ. ಮೊದಲನೆಯದು, ಮಗುವನ್ನು ಕೇಳುವುದು. "ಏನಾಗುತ್ತೀಯೆ?" ಎಂದು ಕೇಳಿದರೆ ಮಕ್ಕಳು ಊರಿನ ಬಾಯಿಯ ಉತ್ತರವನ್ನು ಹೇಳುತ್ತಾರೆ. "ಯಾವ ಕೆಲಸದಲ್ಲಿ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ?" ಎಂದು ಕೇಳಿದರೆ ತಮ್ಮ ಉತ್ತರವನ್ನು ಹೇಳುತ್ತಾರೆ. ಕ್ಷಣದ ಚಪಲವನ್ನು ಒಲವೆಂದು ಬಗೆಯಬಾರದು. ವರ್ಷಗಟ್ಟಲೆ ಉಳಿದು, ಕಷ್ಟ ಬಂದಾಗಲೂ ಬಿಡದಿರುವುದೇ ಒಲವು.

ಎರಡನೆಯದು, ಕಾಲೇಜನ್ನು ಕಣ್ಣಾರೆ ನೋಡುವುದು. ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ, ನೊಗಕ್ಕೆ ಹೂಡಿ ನೋಡುವ ನಾವು ನಾಲ್ಕು ವರ್ಷದ ವಿದ್ಯೆಯನ್ನು ಬಣ್ಣದ ಪತ್ರಿಕೆಯ ಚಿತ್ರ ನೋಡಿ ಕೊಳ್ಳುತ್ತೇವೆ. ಅಲ್ಲಿ ಹೋಗಿ, ಈಗ ಓದುತ್ತಿರುವ ಹುಡುಗರನ್ನು ಮಾತನಾಡಿಸಬೇಕು. ಮಗುವಿಗೆ ಬೇಕಾದ ವಿಷಯವನ್ನು ಕಲಿಸುವವರು ಯಾರು? ಅವರು ತರಗತಿಗೆ ಬರುತ್ತಾರೆಯೇ? ಪ್ರಯೋಗಶಾಲೆಯ ಬೀಗ ತೆರೆದಿರುತ್ತದೆಯೇ? ಇಂಗ್ಲಿಷ್ ಪಾಠದಲ್ಲಿ ಹಿಂದೆ ಬಿದ್ದವನನ್ನು ಕೈಹಿಡಿದು ನಡೆಸುವವರುಂಟೇ? ಹೆಸರು ಸಂಸ್ಥೆಗೆಲ್ಲ ಒಂದೇ ಇರಬಹುದು, ಆದರೆ ಪಾಠವು ವಿಭಾಗ ವಿಭಾಗಕ್ಕೂ ಬೇರೆ ಬೇರೆಯಾಗಿರುತ್ತದೆ.

ಮೂರನೆಯದು, ಖರ್ಚನ್ನು ಪೂರ್ತಿಯಾಗಿ ಬರೆಯುವುದು. ಮೊದಲ ವರ್ಷದ ಶುಲ್ಕ ಮಾತ್ರವಲ್ಲ. ವಸತಿ, ಊಟ, ಪುಸ್ತಕ, ಪ್ರಯಾಣ, ಸಾಲದ ಬಡ್ಡಿ ಇವೆಲ್ಲವನ್ನೂ ಕೊನೆಯ ವರ್ಷದವರೆಗೆ ಬರೆಯಬೇಕು. ವಿದ್ಯಾರ್ಥಿವೇತನ, ಉಚಿತ ವಸತಿನಿಲಯ, ಕೃಷಿ ಪದವಿಗೆ ಕೃಷಿಕರ ಮಕ್ಕಳಿಗಿರುವ ಮೀಸಲಾತಿ ಇವನ್ನು ಮೊದಲೇ ವಿಚಾರಿಸಬೇಕು. ಲೆಕ್ಕವನ್ನು ಮಗುವಿನ ಎದುರಿಗೇ ಬರೆಯಿರಿ. ಬಚ್ಚಿಟ್ಟ ಸಾಲವು ಮುಂದೆ ಹಂಗಿನ ಮಾತಾಗಿ ಹೊರಬೀಳುತ್ತದೆ.

ನಾಲ್ಕನೆಯದು, ಈ ವಿದ್ಯೆಯು ಯಾವ ಕಾಯಕಕ್ಕೆ ಒಯ್ಯುವುದೆಂದು ನೋಡುವುದು. ಗಳಿಕೆ ಬೇಕು, ಅದರಲ್ಲಿ ತಪ್ಪಿಲ್ಲ. ಶರಣರು ಬೇಡುವುದನ್ನು ಹೊಗಳಲಿಲ್ಲ, ದುಡಿಯುವುದನ್ನು ಹೊಗಳಿದರು. ಆದರೆ ಆ ಕಾಯಕದಲ್ಲಿ ಮನಸ್ಸು ನಿಲ್ಲುವುದೋ, ಅದರಿಂದ ನಾಲ್ವರಿಗೆ ಆಸರೆಯಾಗುವುದೋ ಎಂಬುದೂ ಲೆಕ್ಕಕ್ಕೆ ಸೇರಬೇಕು.

ಕುರಕುಂಟಾದ ಆ ಗೃಹಸ್ಥರು ಅಂದು ಪಹಣಿಯನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಹೋದರು. ಆ ವರ್ಷ ಭೂಮಿ ಒತ್ತೆ ಬೀಳಲಿಲ್ಲ. ಹುಡುಗನು ತನ್ನ ಲೆಕ್ಕದ ಪುಸ್ತಕದೊಂದಿಗೆ ಕಲಬುರಗಿಗೆ ಹೋದನು. ಅವನು ಮುಂದೆ ಏನಾಗುವನೆಂಬುದನ್ನು ನಾವು ಹೇಳಲಾರೆವು. ಬಿತ್ತಿದವನ ಕೈಯಲ್ಲಿ ಮಳೆ ಇರುವುದಿಲ್ಲ. ತಕ್ಕ ನೆಲದಲ್ಲಿ ಬಿತ್ತಿದೆವೆಂಬ ಸಮಾಧಾನ ಮಾತ್ರ ಬಿತ್ತಿದವನದು. ಮಗಳಿಗೆ ಇನ್ನೂ ಎರಡು ವರ್ಷದ ಓದು ಉಳಿದಿದೆ. ಹೊರಡುವಾಗ ಹೊಸ್ತಿಲ ಹತ್ತಿರ ನಿಂತು ಅವಳು ತಂದೆಗೆ ಕೇಳಿಸುವಂತೆಯೇ, "ಅಪ್ಪಾ, ಮುಂದಿನ ಸಾರಿ ಬಂದಾಗ ನನ್ನನ್ನೂ ಆ ಪ್ರಶ್ನೆ ಕೇಳಬೇಕು" ಎಂದಳು.

ನಾವು ಕೇಳುತ್ತೇವೆ. ಆದರೆ ಅದಕ್ಕಿಂತ ಮೊದಲು ಅವಳ ಮನೆಯಲ್ಲಿಯೇ ಕೇಳುವಂತಾಗಲಿ. ಈ ಪತ್ರಿಕೆಯನ್ನು ಓದುತ್ತಿರುವ ಪ್ರತಿಯೊಂದು ಮನೆಯಲ್ಲಿಯೂ ಇಂದು ರಾತ್ರಿ ಊಟಕ್ಕೆ ಕುಳಿತಾಗ ತಂದೆತಾಯಿಗಳು ಮಗನನ್ನೂ ಮಗಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿಕೊಂಡು ಆ ಪ್ರಶ್ನೆ ಕೇಳಲಿ. ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಲಿ. ಶರಣರ ಕೃಪೆಯಿಂದ ಎಲ್ಲ ಮಕ್ಕಳಿಗೂ ಅವರವರ ಅರಿವಿಗೆ ತಕ್ಕ ನೆಲೆ ದೊರೆಯಲಿ.

ಶುಭಮಸ್ತು.